ಹ್ಯೂಸ್ಟನ್ನಿನ 91.7: ಒಂದೇ ಫ್ರೀಕ್ವೆನ್ಸಿ, ಎರಡು ಮಾರಾಟ

2010ರ ಆಗಸ್ಟ್ ತಿಂಗಳು. ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿರುವ ರೈಸ್ ಯೂನಿವರ್ಸಿಟಿಗೆ ಇನ್ನೂ ಬೇಸಿಗೆ ರಜೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕ್ಯಾಂಪಸ್ಸಿನಲ್ಲಿ ಇರಲಿಲ್ಲ. ಅವರು ನಡೆಸುತ್ತಿದ್ದ ಕೆಟಿಆರ್‌ಯು ರೇಡಿಯೋ ಸ್ಟೇಷನ್ನಿನ ಮಾರಾಟದ ಮಾತುಕತೆ ಗುಟ್ಟಾಗಿ ನಡೆದು ಮುಗಿಯುವ ಹಂತಕ್ಕೆ ಬಂದಿತ್ತು. ಸ್ಟೇಷನ್ ನಡೆಸುವವರಿಗೆ ಆ ವಿಷಯ ಗೊತ್ತಾಗಿದ್ದು ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ. ಆಗಸ್ಟ್ 17ರಂದು ಅದೇ ಊರಿನ ಇನ್ನೊಂದು ವಿಶ್ವವಿದ್ಯಾಲಯ, ಸರ್ಕಾರಿ ಯೂನಿವರ್ಸಿಟಿ ಆಫ್ ಹ್ಯೂಸ್ಟನ್, ಖರೀದಿಗೆ ಒಪ್ಪಿಗೆ ಕೊಟ್ಟಿತು. ಬೆಲೆ 95 ಲಕ್ಷ ಡಾಲರ್. ಮಾರಿದ್ದು 91.7 ಎಫ್‌ಎಂ ಫ್ರೀಕ್ವೆನ್ಸಿ, ಅದರ ಲೈಸೆನ್ಸ್ ಮತ್ತು ಪ್ರಸಾರದ ಗೋಪುರ.

ದೂರದ ಊರಿನ ಒಂದು ಸಣ್ಣ ಸ್ಟೇಷನ್ನಿನ ವಿಷಯ ಇದು. ಆದರೂ ಇದನ್ನು ಪೂರ್ತಿಯಾಗಿ ಬಿಡಿಸಿ ನೋಡಬೇಕು ಅಂತ ನನಗೆ ಅನ್ನಿಸಿದ್ದು ಯಾಕೆ ಅಂದ್ರೆ, ಅದೇ ಫ್ರೀಕ್ವೆನ್ಸಿ ಆರು ವರ್ಷ ತುಂಬುವುದರೊಳಗೆ ಮತ್ತೊಮ್ಮೆ ಮಾರಾಟವಾಯಿತು. ಮೊದಲ ಸಲ ವಿದ್ಯಾರ್ಥಿಗಳ ರೇಡಿಯೋ ಹೋಗಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಬಂತು. ಎರಡನೇ ಸಲ ಆ ಶಾಸ್ತ್ರೀಯ ಸಂಗೀತವೂ ಹೋಯಿತು. ಎರಡು ಸಲವೂ ಕಾನೂನು ಒಂದೇ, ತರ್ಕವೂ ಒಂದೇ. ರೇಡಿಯೋ ನಡೆಸುವವರಿಗೂ ಕೇಳುವವರಿಗೂ ಆ ಕಾನೂನಿನಲ್ಲಿ ಮಾತಾಡುವ ಜಾಗವೇ ಇರಲಿಲ್ಲ. ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರ ಮಾತು ಮಾತ್ರ ನಡೆಯಿತು.

ಬಜರ್ ತಂತಿಯಿಂದ 50,000 ವ್ಯಾಟಿಗೆ

ಕೆಟಿಆರ್‌ಯು ಹುಟ್ಟಿದ್ದು 1967ರಲ್ಲಿ, ರೈಸ್‌ನ ಹ್ಯಾನ್ಜೆನ್ ಕಾಲೇಜಿನಲ್ಲಿ. ಅಲ್ಲಿ ಕಾಲೇಜು ಅಂದರೆ ಪಾಠದ ಕಟ್ಟಡ ಅಲ್ಲ, ವಿದ್ಯಾರ್ಥಿಗಳು ಒಟ್ಟಿಗೆ ವಾಸ ಮಾಡುವ ಹಾಸ್ಟೆಲ್. ಆ ಕಟ್ಟಡದ ತುಂಬ ಬಜರ್ ತಂತಿಗಳನ್ನು, ಅಂದರೆ ಕರೆಗಂಟೆಯ ತಂತಿಗಳನ್ನು, ಎಳೆದಿದ್ದರು. ಹುಡುಗರು ಆ ತಂತಿಗಳನ್ನೇ ಆಂಟೆನಾ ಮಾಡಿಕೊಂಡು ಸಣ್ಣದೊಂದು ಪ್ರಸಾರ ಶುರು ಮಾಡಿದರು. ಹಾಸ್ಟೆಲ್ ಗೋಡೆ ದಾಟಿದರೆ ಅದು ಕೇಳಿಸುತ್ತಿದ್ದದ್ದು ಅಷ್ಟಕ್ಕಷ್ಟೆ. ಯಾರೂ ಅವರಿಗೆ ಇದನ್ನು ಮಾಡಿ ಅಂತ ಹೇಳಿರಲಿಲ್ಲ, ದುಡ್ಡೂ ಕೊಟ್ಟಿರಲಿಲ್ಲ.

1971ರಲ್ಲಿ ಎಫ್‌ಎಂ ಲೈಸೆನ್ಸ್ ಸಿಕ್ಕಿತು. ಶಕ್ತಿ 10 ವ್ಯಾಟ್. ನಮ್ಮ ಮನೆಗಳ ಹಳೇ ಟ್ಯೂಬ್‌ಲೈಟಿಗೆ 40 ವ್ಯಾಟ್ ಬೇಕಿತ್ತು, ಅದರ ಕಾಲು ಭಾಗ. ಲೈಸೆನ್ಸ್ ಕೊಡುವುದು ಎಫ್‌ಸಿಸಿ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಸಂಪರ್ಕ ಆಯೋಗ. ಅದರ ಪುಸ್ತಕದಲ್ಲಿ ಲೈಸೆನ್ಸ್‌ದಾರರು ಅಂತ ಬರೆದದ್ದು ಯೂನಿವರ್ಸಿಟಿಯ ಹೆಸರನ್ನು. ಸ್ಟೇಷನ್ ನಡೆಸಿದ್ದು ಮಾತ್ರ ವಿದ್ಯಾರ್ಥಿಗಳು. ಈ ಒಂದು ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ಮುಂದೆ ಆಗಿದ್ದಕ್ಕೆಲ್ಲ ಇದೇ ಬೇರು.

ನಿಧಾನವಾಗಿ ಶಕ್ತಿ ಏರಿತು. 10 ವ್ಯಾಟಿನ ಸ್ಟೇಷನ್‌ಗಳು ಒಂದೋ ದೊಡ್ಡದಾಗಬೇಕು, ಇಲ್ಲವೇ ಬೇರೆ ಸ್ಟೇಷನ್‌ಗಳ ಅಡಚಣೆಯಿಂದ ಇದ್ದ ರಕ್ಷಣೆ ಕಳೆದುಕೊಳ್ಳಬೇಕು ಅಂತ ಎಫ್‌ಸಿಸಿ 1978ರಲ್ಲಿ ನಿಯಮ ಮಾಡಿತ್ತು. ಸಣ್ಣ ಸ್ಟೇಷನ್ ಸಣ್ಣದಾಗಿಯೇ ಉಳಿಯುವುದು ಅಲ್ಲಿಂದ ಕಷ್ಟವಾಯಿತು. ಕೆಟಿಆರ್‌ಯು ಅಷ್ಟು ಹೊತ್ತಿಗಾಗಲೇ ಕೆಲವು ನೂರು ವ್ಯಾಟಿಗೆ ಬಂದಿತ್ತು. ದೊಡ್ಡ ಜಿಗಿತ ಆಗಿದ್ದು 1991ರಲ್ಲಿ, ಅದೂ ಇನ್ನೊಬ್ಬರ ಅಗತ್ಯಕ್ಕೆ. ಹ್ಯೂಸ್ಟನ್ನಿನಲ್ಲಿ 92.1ರಲ್ಲಿ ಕೆಆರ್‌ಟಿಎಸ್ ಅನ್ನೋ ಖಾಸಗಿ ಸ್ಟೇಷನ್ ಇತ್ತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಜಾಹೀರಾತಿನ ಬಲದಲ್ಲಿ ನಡೆಸುತ್ತಿದ್ದ ಸ್ಟೇಷನ್ ಅದು. ಅದಕ್ಕೆ ತನ್ನ ಪ್ರಸಾರದ ಶಕ್ತಿ ಹೆಚ್ಚಿಸಿಕೊಳ್ಳಬೇಕಿತ್ತು. 91.7 ತೀರಾ ಹತ್ತಿರದ ಫ್ರೀಕ್ವೆನ್ಸಿ ಆಗಿದ್ದರಿಂದ ಕೆಟಿಆರ್‌ಯು ತನ್ನ ಪ್ರಸಾರದ ಜಾಗ ಬದಲಿಸದೆ ಅದು ಸಾಧ್ಯವಿರಲಿಲ್ಲ. ಹಾಗಾಗಿ ಕೆಆರ್‌ಟಿಎಸ್ ಕಡೆಯಿಂದಲೇ ಹೊಸ ಟ್ರಾನ್ಸ್‌ಮಿಟರ್ ಬಂತು, ಗೋಪುರ ನಗರದ ಉತ್ತರಕ್ಕೆ ಹಂಬಲ್ ಅನ್ನೋ ಊರಿನ ಕಡೆ ಹೋಯಿತು. ವಿದ್ಯಾರ್ಥಿಗಳ ಕೈಗೆ ಒಮ್ಮೆಲೇ 50,000 ವ್ಯಾಟಿನ ರೇಡಿಯೋ ಬಂತು.

ಆಗ ಇದು ದೊಡ್ಡ ಸೌಭಾಗ್ಯ ಅಂತ ಎಲ್ಲರಿಗೂ ಅನ್ನಿಸಿರಬೇಕು. ಆದರೆ ನನ್ನ ಪ್ರಕಾರ ಸ್ಟೇಷನ್ ಮಾರಾಟದ ಸರಕಾಗಿದ್ದು ಆ ವರ್ಷವೇ. ಕೆಲವು ನೂರು ವ್ಯಾಟಿನ ಕ್ಯಾಂಪಸ್ ರೇಡಿಯೋವನ್ನು 95 ಲಕ್ಷ ಡಾಲರ್ ಕೊಟ್ಟು ಯಾರೂ ಕೊಳ್ಳುವುದಿಲ್ಲ. ಇಡೀ ಮಹಾನಗರಕ್ಕೆ ಕೇಳಿಸುವ ಫ್ರೀಕ್ವೆನ್ಸಿಯ ಮೇಲೆ ಕಣ್ಣು ಬಿದ್ದೇ ಬೀಳುತ್ತದೆ.

ಏನು ಕೇಳಿಸುತ್ತಿತ್ತು

ಬೇರೆಲ್ಲೂ ಸಿಗದ ಸಂಗೀತವನ್ನು ಹಾಕಬೇಕು ಅನ್ನೋದು ಕೆಟಿಆರ್‌ಯು ಜನರ ಹಟ. ಊರಿನ ಹೊಸ ಬ್ಯಾಂಡ್‌ಗಳು, ಜಾಝ್, ಆಫ್ರಿಕದ ಸಂಗೀತ, ಹಿಪ್‌ಹಾಪ್, ಶಬ್ದಗಳ ಪ್ರಯೋಗ, ಮಕ್ಕಳಿಗಾಗಿ ಒಂದು ಕಾರ್ಯಕ್ರಮ. ‘ನವರಂಗ್’ ಅನ್ನೋ ಹೆಸರಿನಲ್ಲಿ ದಕ್ಷಿಣ ಏಷ್ಯಾದ ಸಂಗೀತ ಬರುತ್ತಿತ್ತು. ‘ಸ್ಕೋರ್ಡಟುರಾ’ ಅನ್ನೋ ಕಾರ್ಯಕ್ರಮದಲ್ಲಿ ಆಧುನಿಕ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೂ ಇತ್ತು. ಮೈಕಿನ ಮುಂದೆ ಕೂರುತ್ತಿದ್ದವರಲ್ಲಿ ವಿದ್ಯಾರ್ಥಿಗಳ ಜೊತೆಗೆ ಹಳೇ ವಿದ್ಯಾರ್ಥಿಗಳೂ ಊರಿನ ಜನರೂ ಇದ್ದರು. ಯಾರಿಗೂ ಸಂಬಳವಿಲ್ಲದ ಕೆಲಸ. ಖರ್ಚಿನ ಒಂದು ಭಾಗ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಕಟ್ಟುವ ಶುಲ್ಕದಿಂದ ಬರುತ್ತಿತ್ತು.

ಇಂಥ ಕಾಲೇಜು ರೇಡಿಯೋಗಳ ರೆಕಾರ್ಡ್ ಲೈಬ್ರರಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹೊಸ ರೆಕಾರ್ಡ್ ಬಂದಾಗ ಯಾರಾದರೂ ಒಬ್ಬರು ಪೂರ್ತಿ ಕೇಳುತ್ತಾರೆ. ಆಮೇಲೆ ಒಂದು ಬಿಳಿ ಚೀಟಿಯಲ್ಲಿ ಬರೆದು ಕವರಿಗೆ ಅಂಟಿಸುತ್ತಾರೆ: ಇದು ಎಂಥ ಸಂಗೀತ, ಯಾವ ಹಾಡು ಚೆನ್ನಾಗಿದೆ, ಯಾವುದರಲ್ಲಿ ಬೈಗುಳ ಇದೆ, ಹಾಕಬೇಡಿ. ಮುಂದಿನವರು ಅದರ ಕೆಳಗೆ ತಮ್ಮ ಮಾತು ಸೇರಿಸುತ್ತಾರೆ. ಹತ್ತಿಪ್ಪತ್ತು ವರ್ಷ ಕಳೆದರೆ ಒಂದೇ ಕವರಿನ ಮೇಲೆ ಒಬ್ಬರನ್ನೊಬ್ಬರು ನೋಡಿಯೇ ಇರದ ಜನರ ಕೈಬರಹ ಇರುತ್ತದೆ. ರಾತ್ರಿ ಎರಡು ಗಂಟೆಗೆ ಒಬ್ಬಂಟಿಯಾಗಿ ಕೂತ ಹೊಸ ಹುಡುಗಿ ಆ ಚೀಟಿ ಓದಿ ಯಾವ ಹಾಡು ಹಾಕಬೇಕು ಅಂತ ತೀರ್ಮಾನ ಮಾಡುತ್ತಾಳೆ. ಲೈಸೆನ್ಸ್ ಕಾಗದದಲ್ಲಿ ಇದರ ಸುದ್ದಿಯೇ ಇಲ್ಲ. ಆದರೆ ಸ್ಟೇಷನ್ ಅಂದ್ರೆ ನಿಜವಾಗಿ ಇದೇ ಅಲ್ವಾ?

ಯಜಮಾನಿಕೆ ಯಾರದು ಅನ್ನೋದಕ್ಕೆ 2000ದಲ್ಲೇ ಒಂದು ಮುನ್ಸೂಚನೆ ಸಿಕ್ಕಿತ್ತು. ಯೂನಿವರ್ಸಿಟಿಯ ಕ್ರೀಡಾ ಪಂದ್ಯಗಳನ್ನು ಜಾಸ್ತಿ ಪ್ರಸಾರ ಮಾಡಬೇಕು ಅಂತ ಆಡಳಿತ ಒತ್ತಾಯಿಸುತ್ತಿತ್ತು. ಆ ಜಗಳದ ನಡುವೆ, ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯದ ವೀಕ್ಷಕ ವಿವರಣೆಯ ಮೇಲೆಯೇ ಇಬ್ಬರು ಡಿಜೆಗಳು ಹಾಡು ಹಾಕಿಬಿಟ್ಟರು. ನವೆಂಬರ್ ಕೊನೆಯಲ್ಲಿ ಆಡಳಿತ ಸ್ಟೇಷನ್ನಿಗೆ ಬೀಗ ಹಾಕಿತು. ವಿದ್ಯಾರ್ಥಿಗಳು ಪ್ರತಿಭಟನೆ ಮಾಡಿದರು, ಡಿಸೆಂಬರಿನಲ್ಲಿ ಬೀಗ ತೆಗೆಯಿತು. ಎಲ್ಲರೂ ಗೆದ್ದೆವು ಅಂದುಕೊಂಡರು. ಆದರೆ ಬೀಗದ ಕೈ ಯಾರ ಹತ್ತಿರ ಇದೆ ಅನ್ನೋದು ಬದಲಾಗಿರಲಿಲ್ಲ. ಸ್ಟೇಷನ್ನಿಗೆ ಪ್ರತ್ಯೇಕ ಸಂಸ್ಥೆ ಮಾಡಿಕೊಳ್ಳುವುದಕ್ಕೆ, ಆಡಳಿತದಿಂದ ಲಿಖಿತ ಭರವಸೆ ಪಡೆಯುವುದಕ್ಕೆ ಆಗ ಒಳ್ಳೇ ಸಮಯವಿತ್ತು. ಆ ಸಮಯ ಹಾಗೇ ಕಳೆದುಹೋಯಿತು.

ಯಾಕೆ ಮಾರಿದರು, ಯಾಕೆ ಕೊಂಡರು

ರೈಸ್‌ನ ಅಧ್ಯಕ್ಷ ಡೇವಿಡ್ ಲೀಬ್ರಾನ್ ಕೊಟ್ಟ ಕಾರಣಗಳು ಸ್ಪಷ್ಟವಾಗಿದ್ದವು. ಇಷ್ಟು ಬೆಲೆಬಾಳುವ ಆಸ್ತಿ ಸರಿಯಾಗಿ ಬಳಕೆಯಾಗುತ್ತಿಲ್ಲ. ಕೇಳುಗರ ಸಮೀಕ್ಷೆಯಲ್ಲಿ ಕೆಟಿಆರ್‌ಯು ಲೆಕ್ಕಕ್ಕೆ ಸಿಗುವಷ್ಟೂ ಇಲ್ಲ. ಈಗಿನ ವಿದ್ಯಾರ್ಥಿಗಳು ಇಂಟರ್ನೆಟ್ಟಿನಲ್ಲೇ ಕೇಳಬಹುದು, ಕೇಳಿಸಬಹುದು. ಬಂದ ಹಣದಲ್ಲಿ ಕ್ಯಾಂಪಸ್ಸಿನ ಪೂರ್ವ ಭಾಗದ ಹಾಸ್ಟೆಲ್‌ಗಳಿಗೆ ಹೊಸ ಅಡುಗೆಮನೆ ಮತ್ತು ಊಟದ ವ್ಯವಸ್ಥೆ ಕಟ್ಟುವುದು ಮುಖ್ಯ ಯೋಜನೆ. 2008ರ ಆರ್ಥಿಕ ಕುಸಿತದಲ್ಲಿ ಅಮೆರಿಕದ ಖಾಸಗಿ ವಿಶ್ವವಿದ್ಯಾಲಯಗಳ ದತ್ತಿ ನಿಧಿಗಳು ಕರಗಿದ್ದ ಕಾಲ ಅದು ಅನ್ನೋದನ್ನೂ ಹೇಳಬೇಕು.

ಈ ಕಾರಣಗಳನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ವಿದ್ಯಾರ್ಥಿಗಳಿಗೆ ಊಟದ ಮನೆಯೂ ಬೇಕು. ಆದರೆ ಸಮೀಕ್ಷೆಯ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಬೇರೆಲ್ಲೂ ಇಲ್ಲದ್ದನ್ನು ಹಾಕುವ ಸ್ಟೇಷನ್ನಿಗೆ ಎಲ್ಲ ಕಡೆ ಇರುವುದನ್ನು ಹಾಕುವ ಸ್ಟೇಷನ್ನಿನ ಅಳತೆಗೋಲು ಹಿಡಿದರೆ ಅದು ಯಾವತ್ತೂ ಸೋಲುತ್ತದೆ. ಜಾಹೀರಾತು ಮಾರುವವರಿಗಾಗಿ ಮಾಡಿದ ಲೆಕ್ಕ ಅದು. ಜಾಹೀರಾತೇ ಹಾಕದ ಸ್ಟೇಷನ್ನಿನ ಬೆಲೆ ಕಟ್ಟಲು ಅದನ್ನು ಬಳಸಿದ್ದು ತಪ್ಪು.

ಕೊಂಡವರ ಕಡೆಯ ಲೆಕ್ಕ ಬೇರೆ. ಯೂನಿವರ್ಸಿಟಿ ಆಫ್ ಹ್ಯೂಸ್ಟನ್ 88.7ರಲ್ಲಿ ಕೆಯುಎಚ್‌ಎಫ್ ಅನ್ನೋ ಸಾರ್ವಜನಿಕ ರೇಡಿಯೋ ನಡೆಸುತ್ತಿತ್ತು. ಅದರಲ್ಲಿ ಸುದ್ದಿಯೂ ಇತ್ತು, ಶಾಸ್ತ್ರೀಯ ಸಂಗೀತವೂ ಇತ್ತು. ಸುದ್ದಿಗೆ ಕೇಳುಗರು ಮತ್ತು ದೇಣಿಗೆ ಎರಡೂ ಜಾಸ್ತಿ. ಸಂಗೀತವನ್ನು ಬಿಟ್ಟರೆ ಹಳೇ ಕೇಳುಗರು ಸಿಟ್ಟಾಗುತ್ತಾರೆ. 92.1ರ ಕೆಆರ್‌ಟಿಎಸ್ 2004ರಲ್ಲೇ ರೇಡಿಯೋ ಒನ್ ಕಂಪನಿಗೆ ಮಾರಾಟವಾಗಿ ಶಾಸ್ತ್ರೀಯ ಸಂಗೀತ ನಿಲ್ಲಿಸಿತ್ತು. ಹಾಗಾಗಿ ಇಡೀ ಊರಿಗೆ ಆ ಸಂಗೀತಕ್ಕೆ ಉಳಿದಿದ್ದು ಕೆಯುಎಚ್‌ಎಫ್ ಒಂದೇ. ಎರಡನೇ ಫ್ರೀಕ್ವೆನ್ಸಿ ಸಿಕ್ಕರೆ ಒಂದರಲ್ಲಿ ಸುದ್ದಿ, ಇನ್ನೊಂದರಲ್ಲಿ ಸಂಗೀತ. ಆದರೆ ಎರಡನೆಯದು ಎಲ್ಲಿಂದ ಬರಬೇಕು? ಅಮೆರಿಕದಲ್ಲಿ ಎಫ್‌ಎಂ ಪಟ್ಟಿಯ ಕೆಳತುದಿ, 88ರಿಂದ 92ರವರೆಗೆ, ಲಾಭಕ್ಕಲ್ಲದ ರೇಡಿಯೋಗೆ ಮೀಸಲು. ದೊಡ್ಡ ಊರುಗಳಲ್ಲಿ ಆ ಜಾಗ ಎಂದೋ ಭರ್ತಿಯಾಗಿದೆ. ಹೊಸದು ಸಿಗುವುದಿಲ್ಲ, ಇದ್ದವರಿಂದಲೇ ಕೊಳ್ಳಬೇಕು. ಇದ್ದವರಲ್ಲಿ ಮಾರಲು ಒಪ್ಪಬಹುದಾದವರು ಕಾಲೇಜುಗಳು. ಅವರಿಗೆ ರೇಡಿಯೋ ಮುಖ್ಯ ಕಸುಬಲ್ಲ.

ಈ ಒತ್ತಡ ಹ್ಯೂಸ್ಟನ್ನಿಗೆ ಮಾತ್ರ ಇರಲಿಲ್ಲ. 2011ರ ಜನವರಿ 18ರ ಬೆಳಿಗ್ಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 90.3ರ ಕೆಯುಎಸ್‌ಎಫ್ ಇದ್ದಕ್ಕಿದ್ದಂತೆ ಬಂದ್ ಆಯಿತು. ಯೂನಿವರ್ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೋ ಅದನ್ನು 37.5 ಲಕ್ಷ ಡಾಲರ್‌ಗೆ ಕೊಡಲು ಒಪ್ಪಿತ್ತು. ಅಲ್ಲೂ ಬಂದದ್ದು ಶಾಸ್ತ್ರೀಯ ಸಂಗೀತ. ಅದೇ ವರ್ಷ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಡಬ್ಲ್ಯುಆರ್‌ವಿಯು ಸ್ಟೇಷನ್ 33.5 ಲಕ್ಷ ಡಾಲರ್‌ಗೆ ಊರಿನ ಸಾರ್ವಜನಿಕ ರೇಡಿಯೋ ಪಾಲಾಯಿತು. ಮತ್ತೆ ಶಾಸ್ತ್ರೀಯ ಸಂಗೀತ. ಮೂರು ಊರು, ಮೂರರಲ್ಲೂ ಒಂದೇ ಥರದ ವ್ಯವಹಾರ.

ಇಲ್ಲಿ ನನ್ನನ್ನು ಹೆಚ್ಚು ಕಾಡುವ ವಿಷಯ ಬೆಲೆಯದು. 95 ಲಕ್ಷ ಡಾಲರ್ ಕೊಟ್ಟು ಕೊಂಡಿದ್ದು ಏನನ್ನು? ಗೋಪುರ ಮತ್ತು ಯಂತ್ರಗಳಿಗೆ ಅಷ್ಟು ಬೆಲೆ ಇಲ್ಲ. ಬೆಲೆ ಇದ್ದದ್ದು ಲೈಸೆನ್ಸಿಗೆ. ಆ ಮೀಸಲು ಪಟ್ಟಿಯಲ್ಲಿ ಲೈಸೆನ್ಸನ್ನು ಹರಾಜು ಹಾಕುವುದಿಲ್ಲ, ಸಾರ್ವಜನಿಕ ಕೆಲಸಕ್ಕೆ ಅಂತ ಹಾಗೇ ಕೊಡುತ್ತಾರೆ. ಸಮಾಜ ಬಿಟ್ಟಿಯಾಗಿ ಕೊಟ್ಟದ್ದು, ನಲವತ್ತು ವರ್ಷ ಸಂಬಳವಿಲ್ಲದ ಜನ ದುಡಿದು ಉಳಿಸಿದ್ದು, ಕೊನೆಗೆ ಕಾಗದದಲ್ಲಿ ಹೆಸರಿದ್ದವರ ಖಾತೆಗೆ ಹಣವಾಗಿ ಹೋಯಿತು. ಇನ್ನೊಂದು ಕಡೆ, ಕೊಂಡ ವಿಶ್ವವಿದ್ಯಾಲಯ ಸಾಲಪತ್ರಗಳ ಮೂಲಕ ಹಣ ಎತ್ತಿತು. ಅದನ್ನು ತೀರಿಸಬೇಕಿದ್ದದ್ದು ಸ್ಟೇಷನ್ ಸಂಗ್ರಹಿಸುವ ದೇಣಿಗೆಯಿಂದ. ಅಂದರೆ ಕೇಳುಗರು ಸಂಗೀತಕ್ಕೆ ಅಂತ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಫ್ರೀಕ್ವೆನ್ಸಿಯ ಸಾಲಕ್ಕೆ. ಒಂದು ಲಾಭಕ್ಕಲ್ಲದ ಸಂಸ್ಥೆಯಿಂದ ಇನ್ನೊಂದಕ್ಕೆ ಹಣ ಹೋದ ಈ ವ್ಯವಹಾರದಲ್ಲಿ ಊರಿಗೆ ಒಂದೇ ಒಂದು ಹೊಸ ಸ್ಟೇಷನ್ನೂ ಹೆಚ್ಚಾಗಲಿಲ್ಲ.

ಎಫ್‌ಸಿಸಿ ಏನು ನೋಡುತ್ತದೆ, ಏನು ನೋಡುವುದಿಲ್ಲ

ಲೈಸೆನ್ಸ್ ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕಾದರೆ ಎಫ್‌ಸಿಸಿ ಒಪ್ಪಬೇಕು. ಕೆಟಿಆರ್‌ಯು ಬೆಂಬಲಿಗರು ‘ಫ್ರೆಂಡ್ಸ್ ಆಫ್ ಕೆಟಿಆರ್‌ಯು’ ಅಂತ ಗುಂಪು ಕಟ್ಟಿಕೊಂಡು, ಮಾರಾಟಕ್ಕೆ ಒಪ್ಪಿಗೆ ಕೊಡಬೇಡಿ ಅಂತ ತಕರಾರು ಅರ್ಜಿ ಹಾಕಿದರು. ಊರಿನ ಸಂಗೀತಕ್ಕೆ ಇದ್ದ ಒಂದೇ ದಾರಿ ಮುಚ್ಚುತ್ತದೆ ಅನ್ನೋದು ಅವರ ವಾದದ ತಿರುಳು.

ಆದರೆ ಆ ವಾದಕ್ಕೆ ಬಾಗಿಲು 1981ರಲ್ಲೇ ಮುಚ್ಚಿತ್ತು. ಅದರ ಹಿಂದಿನ ಕಥೆ ಹೇಳಲೇಬೇಕು. 1970ರಲ್ಲಿ ಅಟ್ಲಾಂಟಾದ ಡಬ್ಲ್ಯುಜಿಕೆಎ ಅನ್ನೋ ಶಾಸ್ತ್ರೀಯ ಸಂಗೀತದ ಸ್ಟೇಷನ್ ಮಾರಾಟವಾಗಿ ಬೇರೆ ಥರದ ಸಂಗೀತಕ್ಕೆ ಹೊರಳಲು ಹೊರಟಾಗ ಕೇಳುಗರು ಕೋರ್ಟಿಗೆ ಹೋದರು. ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. ಊರಿಗೆ ಒಂದೇ ಇರುವ ಬಗೆಯ ಕಾರ್ಯಕ್ರಮ ಹೋಗುತ್ತದೆ ಅಂತ ಜನ ಗಟ್ಟಿಯಾಗಿ ದೂರಿದರೆ ಎಫ್‌ಸಿಸಿ ಅದನ್ನು ವಿಚಾರಣೆ ಮಾಡಬೇಕು ಅಂತ ಹೇಳಿತು. ಆ ಹತ್ತು ವರ್ಷ ಅಮೆರಿಕದಲ್ಲಿ ರೇಡಿಯೋ ಕೇಳುಗರಿಗೆ ಕಾನೂನಿನಲ್ಲಿ ಒಂದು ಧ್ವನಿ ಇತ್ತು. ಎಫ್‌ಸಿಸಿಗೆ ಅದು ಇಷ್ಟವಿರಲಿಲ್ಲ. ಯಾವ ಸಂಗೀತ ಬೇಕು ಅನ್ನೋದನ್ನು ಮಾರುಕಟ್ಟೆಯೇ ತೀರ್ಮಾನಿಸಲಿ, ಸರ್ಕಾರ ಕೈ ಹಾಕಬಾರದು ಅಂತ 1976ರಲ್ಲಿ ತನ್ನ ನೀತಿ ಪ್ರಕಟಿಸಿತು. ಇದನ್ನು ಪ್ರಶ್ನಿಸಿದವರು ನ್ಯೂಯಾರ್ಕಿನ ಡಬ್ಲ್ಯುಎನ್‌ಸಿಎನ್ ಸ್ಟೇಷನ್ನಿನ ಕೇಳುಗರ ಸಂಘ. ಅವರೂ ಶಾಸ್ತ್ರೀಯ ಸಂಗೀತದವರೇ. ಅವರ ಸ್ಟೇಷನ್ 1974ರಲ್ಲಿ ರಾಕ್ ಸಂಗೀತಕ್ಕೆ ತಿರುಗಿ, ಹೋರಾಟದ ನಂತರ ಮರುವರ್ಷ ವಾಪಸ್ ಬಂದಿತ್ತು. 1981ರಲ್ಲಿ ಸುಪ್ರೀಂ ಕೋರ್ಟ್ 7–2 ಬಹುಮತದಲ್ಲಿ ಎಫ್‌ಸಿಸಿ ನೀತಿಯನ್ನು ಎತ್ತಿಹಿಡಿಯಿತು. ಅಲ್ಲಿಂದ ಮುಂದೆ ಫಾರ್ಮ್ಯಾಟ್, ಅಂದರೆ ಸ್ಟೇಷನ್ ಹಾಕುವ ಕಾರ್ಯಕ್ರಮದ ಬಗೆ, ಬದಲಾಗುತ್ತದೆ ಅನ್ನೋದು ಮಾರಾಟ ತಡೆಯಲು ಕಾರಣವಾಗಲಿಲ್ಲ. ಡಬ್ಲ್ಯುಎನ್‌ಸಿಎನ್ ಕೂಡ 1993ರಲ್ಲಿ ಶಾಶ್ವತವಾಗಿ ರಾಕ್ ಸ್ಟೇಷನ್ ಆಯಿತು.

ಕೆಟಿಆರ್‌ಯು ಪ್ರಕರಣವನ್ನು ಈ ತೀರ್ಪಿನ ಪಕ್ಕದಲ್ಲಿ ಇಟ್ಟು ನೋಡಿ. ಶಾಸ್ತ್ರೀಯ ಸಂಗೀತದ ಕೇಳುಗರು ಸೋತ ತೀರ್ಪೇ ಮೂವತ್ತು ವರ್ಷದ ನಂತರ ಶಾಸ್ತ್ರೀಯ ಸಂಗೀತಕ್ಕೆ ಫ್ರೀಕ್ವೆನ್ಸಿ ಕೊಡಿಸಿತು.

ಇನ್ನೊಂದು ನಿಯಮವೂ ಅಡ್ಡ ಬರುತ್ತದೆ. ಸಂಪರ್ಕ ಕಾಯ್ದೆಯ ಪ್ರಕಾರ ಎಫ್‌ಸಿಸಿ ತನ್ನ ಮುಂದೆ ಬಂದ ಖರೀದಿದಾರರನ್ನು ಮಾತ್ರ ನೋಡಬೇಕು. ಬೇರೆಯವರಿಗೆ ಕೊಟ್ಟರೆ ಊರಿಗೆ ಒಳ್ಳೇದಿತ್ತಾ, ಈಗಿರುವವರಲ್ಲೇ ಬಿಟ್ಟರೆ ಒಳ್ಳೇದಿತ್ತಾ ಅಂತ ಹೋಲಿಸುವ ಹಾಗಿಲ್ಲ. ಖರೀದಿದಾರರು ಅರ್ಹರಾ? ಇಲ್ಲಿ ಖರೀದಿದಾರರು ಒಂದು ಸರ್ಕಾರಿ ವಿಶ್ವವಿದ್ಯಾಲಯ. ಅರ್ಹರೇ. ಅಲ್ಲಿಗೆ ಮುಗಿಯಿತು. 2011ರ ಏಪ್ರಿಲ್ 15ರಂದು ಎಫ್‌ಸಿಸಿ ಒಪ್ಪಿಗೆ ಕೊಟ್ಟಿತು. ಏಪ್ರಿಲ್ 28ರಂದು 91.7ರಲ್ಲಿ ಕೆಟಿಆರ್‌ಯು ನಿಂತಿತು. ಮೇ ತಿಂಗಳಲ್ಲಿ ಅದೇ ಜಾಗದಲ್ಲಿ ಕೆಯುಎಚ್‌ಎ ಅನ್ನೋ ಹೆಸರಿನಲ್ಲಿ ಶಾಸ್ತ್ರೀಯ ಸಂಗೀತ ಶುರುವಾಯಿತು.

ಎರಡನೇ ಮಾರಾಟ

ಐದು ವರ್ಷವೂ ಪೂರ್ತಿಯಾಗಲಿಲ್ಲ. 2015ರ ಆಗಸ್ಟಿನಲ್ಲಿ ಯೂನಿವರ್ಸಿಟಿ ಆಫ್ ಹ್ಯೂಸ್ಟನ್ 91.7ನ್ನು ಮಾರುವುದಾಗಿ ಹೇಳಿತು. ಎರಡು ಸ್ಟೇಷನ್ ನಡೆಸುವ ಖರ್ಚು, ಬದಲಾಗುತ್ತಿರುವ ಕೇಳುಗರ ಅಭ್ಯಾಸ, ಡಿಜಿಟಲ್ ದಾರಿಗಳು. ಓದಿದರೆ ರೈಸ್ ಐದು ವರ್ಷದ ಹಿಂದೆ ಹೇಳಿದ ಮಾತುಗಳೇ ಮತ್ತೆ ಕೇಳಿದ ಹಾಗಿದೆ. ಶಾಸ್ತ್ರೀಯ ಸಂಗೀತವನ್ನು ಎಚ್‌ಡಿ ರೇಡಿಯೋ ಚಾನೆಲ್‌ಗೂ ಇಂಟರ್ನೆಟ್ಟಿಗೂ ಕಳಿಸಲಾಯಿತು. ಎಚ್‌ಡಿ ಅಂದರೆ ಮಾಮೂಲಿ ಎಫ್‌ಎಂ ಪ್ರಸಾರದ ಜೊತೆಗೇ ಹೋಗುವ ಡಿಜಿಟಲ್ ಉಪ ಚಾನೆಲ್. ಅದಕ್ಕೆ ಬೇರೆ ರೇಡಿಯೋ ಸೆಟ್ಟೇ ಬೇಕು.

2016ರ ಆರಂಭದಲ್ಲಿ 91.7 ಒಂದು ಕೋಟಿ ಡಾಲರ್‌ಗೆ ಕೆಎಸ್‌ಬಿಜೆ ಅನ್ನೋ ಕ್ರೈಸ್ತ ಪ್ರಸಾರ ಸಂಸ್ಥೆಗೆ ಹೋಯಿತು. ಅವರು ಅದರಲ್ಲಿ ಯುವಜನರಿಗಾಗಿ ಕ್ರೈಸ್ತ ಹಿಪ್‌ಹಾಪ್ ಮತ್ತು ಪಾಪ್ ಹಾಕಿದರು. ಹ್ಯೂಸ್ಟನ್ ಅಷ್ಟು ದೊಡ್ಡ ಊರು, ಹೆಸರಾಂತ ಸಿಂಫನಿ ಮತ್ತು ಒಪೆರಾ ತಂಡಗಳಿರುವ ಊರು. ಅಲ್ಲಿ ಶಾಸ್ತ್ರೀಯ ಸಂಗೀತಕ್ಕೆ ಮಾಮೂಲಿ ರೇಡಿಯೋದಲ್ಲಿ ಇದ್ದ ಸ್ವಂತ ಜಾಗ ಹೋಯಿತು. 2010ರಲ್ಲಿ ಮಾರಾಟವನ್ನು ಸಮರ್ಥಿಸಿದವರು ಮುಂದಿಟ್ಟ ಕಾರಣ ಆ ಸಂಗೀತದ ಉಳಿವೇ ಆಗಿತ್ತು.

ಹೊಸದಾಗಿ ಬಂದವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಕೇಳುಗರಿದ್ದಾರೆ, ಅವರು ನಿಯಮದ ಪ್ರಕಾರವೇ ಕೊಂಡರು. ಆದರೆ ಕೆಯುಎಚ್‌ಎ ಕೇಳುತ್ತಿದ್ದ ಹಿರಿಯರಿಗೆ ಆ ವರ್ಷ ಆದ ನೋವು, 2011ರಲ್ಲಿ ಕೆಟಿಆರ್‌ಯು ಹುಡುಗರಿಗೆ ಆದ ನೋವು, ಎರಡೂ ಒಂದೇ. ಈ ಎರಡು ಗುಂಪಿನವರು 2010ರಲ್ಲಿ ಎದುರಾಳಿಗಳ ಹಾಗೆ ನಿಂತಿದ್ದರು. ಅವತ್ತೇ ಒಟ್ಟಿಗೆ ಕೂತು, ಒಂದೇ ಫ್ರೀಕ್ವೆನ್ಸಿಯಲ್ಲಿ ಹಗಲು–ರಾತ್ರಿ ಹಂಚಿಕೊಳ್ಳುವ ಮಾತಾಡಿದ್ದರೆ? ಅಮೆರಿಕದಲ್ಲಿ ಸಮಯ ಹಂಚಿಕೊಳ್ಳುವ ಸ್ಟೇಷನ್‌ಗಳು ಇವೆ. ಅದು ಹೊಸ ವಿಚಾರ ಏನಲ್ಲ.

ಕೆಟಿಆರ್‌ಯು ವಾಪಸ್ ಬಂದದ್ದು

ರೈಸ್ ಮಾರಿದ್ದು ಫ್ರೀಕ್ವೆನ್ಸಿ, ಲೈಸೆನ್ಸ್, ಗೋಪುರ. ಮಾರದೆ ಉಳಿದದ್ದು ಹೆಸರು, ಸ್ಟುಡಿಯೋ, ಆ ಚೀಟಿ ಅಂಟಿಸಿದ ರೆಕಾರ್ಡ್‌ಗಳ ಲೈಬ್ರರಿ. ಜನರಂತೂ ಎಲ್ಲಿಗೂ ಹೋಗಿರಲಿಲ್ಲ. ಅವರು ಇಂಟರ್ನೆಟ್ಟಿನಲ್ಲಿ ಪ್ರಸಾರ ಮುಂದುವರಿಸಿದರು. ಕೇಳುಗರ ದೇಣಿಗೆಯಿಂದ ನಡೆಯುವ ಊರಿನ ಕೆಪಿಎಫ್‌ಟಿ ಸ್ಟೇಷನ್ ತನ್ನ ಎಚ್‌ಡಿ ಚಾನೆಲ್ ಒಂದನ್ನು ಅವರಿಗೆ ಕೊಟ್ಟಿತು. ಕೆಪಿಎಫ್‌ಟಿಗೆ ಪ್ರಸಾರ ಕಳೆದುಕೊಳ್ಳುವುದು ಏನು ಅಂತ ಚೆನ್ನಾಗಿ ಗೊತ್ತಿತ್ತು. ಶುರುವಾದ 1970ರಲ್ಲೇ ಕು ಕ್ಲಕ್ಸ್ ಕ್ಲಾನ್ ಅನ್ನೋ ಬಿಳಿಯರ ಜನಾಂಗದ್ವೇಷಿ ಗುಂಪಿನವರು ಅದರ ಟ್ರಾನ್ಸ್‌ಮಿಟರಿಗೆ ಎರಡು ಸಲ ಬಾಂಬ್ ಇಟ್ಟಿದ್ದರು.

2011ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರು ಸ್ಥಳೀಯ ಸಮುದಾಯ ರೇಡಿಯೋ ಕಾಯ್ದೆಗೆ ಸಹಿ ಹಾಕಿದರು. ದೊಡ್ಡ ಊರುಗಳಲ್ಲೂ ಎರಡು ಸ್ಟೇಷನ್‌ಗಳ ನಡುವಿನ ಖಾಲಿ ಜಾಗದಲ್ಲಿ ಕಡಿಮೆ ಶಕ್ತಿಯ ಎಫ್‌ಎಂ ಸ್ಟೇಷನ್‌ಗೆ ಅವಕಾಶ ಸಿಕ್ಕಿತು. 2013ರಲ್ಲಿ ಅರ್ಜಿ ಕರೆದರು. 2015ರ ಅಕ್ಟೋಬರಿನಲ್ಲಿ ಕೆಟಿಆರ್‌ಯು 96.1ರಲ್ಲಿ ಮತ್ತೆ ಎಫ್‌ಎಂಗೆ ಬಂತು. ಇಂಥ ಸ್ಟೇಷನ್‌ಗಳಿಗೆ ಮಿತಿ 100 ವ್ಯಾಟ್. ಹಿಂದೆ 50,000 ಇತ್ತು. ಕ್ಯಾಂಪಸ್ಸಿನ ಸುತ್ತಮುತ್ತ ಕೆಲವು ಮೈಲಿ ಕೇಳಿಸುತ್ತದೆ, ಅಷ್ಟೆ. ಆದರೆ ಅಷ್ಟು ಸಣ್ಣ ಸ್ಟೇಷನ್ ಮೇಲೆ ಕಣ್ಣು ಹಾಕುವ ದೊಡ್ಡ ಖರೀದಿದಾರರು ಸಿಗುವುದೂ ಕಷ್ಟ.

ನಮ್ಮ ಕಡೆ

ಈ 100 ವ್ಯಾಟ್ ನಮಗೂ ಪರಿಚಯದ ಸಂಖ್ಯೆ. ಭಾರತದಲ್ಲಿ ಸಮುದಾಯ ಬಾನುಲಿಗೆ 2006ರ ನೀತಿ ಇಟ್ಟ ಮಿತಿಯೂ 100 ವ್ಯಾಟ್, ಆಂಟೆನಾ ಎತ್ತರ 30 ಮೀಟರ್. ಆದರೆ ನಮ್ಮಲ್ಲಿ ಹಾದಿ ಬೇರೆ. 1995ರಲ್ಲಿ ಸುಪ್ರೀಂ ಕೋರ್ಟ್ ಗಾಳಿಯ ಅಲೆಗಳು ಸಾರ್ವಜನಿಕ ಆಸ್ತಿ ಅಂತ ಹೇಳಿತು. ಸಮುದಾಯ ಬಾನುಲಿಗೆ ಕೊಡುವ ಅನುಮತಿಯನ್ನು ಬೇರೆಯವರಿಗೆ ವರ್ಗಾಯಿಸುವ ಹಾಗಿಲ್ಲ. ಹಾಗಾಗಿ ಹ್ಯೂಸ್ಟನ್ನಿನಂಥ ಮಾರಾಟ ಇಲ್ಲಿ ಆಗಲಾರದು. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯ ಜನರ ಪಾಲ್ಗೊಳ್ಳುವಿಕೆಯಿಂದ ತಯಾರಾಗಬೇಕು ಅಂತಲೂ ನೀತಿಯಲ್ಲಿದೆ. ಈ ಎರಡು ವಿಷಯದಲ್ಲಿ ನಮ್ಮ ನಿಯಮ ಅವರದ್ದಕ್ಕಿಂತ ಚೆನ್ನಾಗಿದೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಯನ್ನು ಇಲ್ಲಿ ನೆನೆಯಬೇಕು. 2000ದ ದಶಕದ ಆರಂಭದಲ್ಲಿ ಹಳ್ಳಿಯವರಿಗೆ ಲೈಸೆನ್ಸ್ ಸಿಗುತ್ತಿರಲಿಲ್ಲ. ಮೈರಾಡ, ವಾಯ್ಸಸ್ ಸಂಸ್ಥೆಗಳು ಮತ್ತು ಯುನೆಸ್ಕೋ ನೆರವಿನಿಂದ ಅಲ್ಲಿಯ ಜನ ಸ್ಟುಡಿಯೋ ಕಟ್ಟಿಕೊಂಡು, ಟಿವಿ ಕೇಬಲ್ ತಂತಿಯಲ್ಲೇ ಮನೆಮನೆಗೆ ಕಾರ್ಯಕ್ರಮ ಕಳಿಸಿದರು. ಹ್ಯಾನ್ಜೆನ್ ಹುಡುಗರ ಬಜರ್ ತಂತಿಯೂ ಬೂದಿಕೋಟೆಯ ಕೇಬಲ್ಲೂ ಒಂದೇ ಆಸೆಯಿಂದ ಬಂದವು.

ಆದರೆ ಮಾರಾಟ ಆಗುವುದಿಲ್ಲ ಅಂದ ಮಾತ್ರಕ್ಕೆ ಎಲ್ಲವೂ ಭದ್ರ ಅಂತ ಅಲ್ಲ. ನಮ್ಮಲ್ಲಿ ಅನೇಕ ಸಮುದಾಯ ಬಾನುಲಿಗಳ ಅನುಮತಿ ಇರುವುದು ಕಾಲೇಜು ಅಥವಾ ಟ್ರಸ್ಟ್ ಹೆಸರಿನಲ್ಲಿ. ಮೇಲಿನವರ ಮನಸ್ಸು ಬದಲಾದರೆ ಹಳ್ಳಿಯ ಹೆಂಗಸರ ಕಾರ್ಯಕ್ರಮ ನಿಂತು ಆ ಜಾಗದಲ್ಲಿ ಸಿನಿಮಾ ಹಾಡು ಬರಬಹುದು. ಅದಕ್ಕೆ ಯಾರ ಒಪ್ಪಿಗೆಯೂ ಬೇಕಾಗುವುದಿಲ್ಲ, ಯಾವ ಪತ್ರಿಕೆಯಲ್ಲೂ ಸುದ್ದಿಯಾಗುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದವರು ಮಾಡಿದ ಒಂದು ಕೆಲಸ ಇಲ್ಲಿ ದಾರಿ ತೋರಿಸುತ್ತದೆ. ಕೆಯುಎಸ್‌ಎಫ್ ಕಳೆದುಕೊಂಡ ಸ್ವಯಂಸೇವಕರು ‘ಸ್ಯಾನ್ ಫ್ರಾನ್ಸಿಸ್ಕೋ ಕಮ್ಯುನಿಟಿ ರೇಡಿಯೋ’ ಅಂತ ತಮ್ಮದೇ ಸಂಸ್ಥೆ ನೋಂದಾಯಿಸಿದರು. ಅದರ ಹೆಸರಿನಲ್ಲೇ ಕಡಿಮೆ ಶಕ್ತಿಯ ಲೈಸೆನ್ಸ್ ಪಡೆದು, 102.5ರಲ್ಲಿ ಕೆಎಕ್ಸ್‌ಎಸ್‌ಎಫ್ ಅನ್ನೋ ಸ್ಟೇಷನ್ ನಡೆಸುತ್ತಿದ್ದಾರೆ. ಒಂದು ಸ್ಥಳೀಯ ಸುದ್ದಿ ಸಂಸ್ಥೆಯ ಜೊತೆ ದಿನದ ಸಮಯ ಹಂಚಿಕೊಂಡಿದ್ದಾರೆ.

ಕರ್ನಾಟಕದ ಯಾವುದಾದರೂ ಕಾಲೇಜಿನಲ್ಲೋ ಟ್ರಸ್ಟಿನಲ್ಲೋ ಸಮುದಾಯ ಬಾನುಲಿಗೆ ದುಡಿಯುತ್ತಿರುವವರು ಇದನ್ನು ಓದುತ್ತಿದ್ದರೆ ಅವರಿಗೆ ನನ್ನ ಸಲಹೆ ಇದು. ಸಂಬಂಧ ಚೆನ್ನಾಗಿರುವಾಗಲೇ ಆಡಳಿತದ ಜೊತೆ ಕೂತು ಒಂದು ಪುಟದ ಒಪ್ಪಂದ ಬರೆಸಿಕೊಳ್ಳಿ. ಕಾರ್ಯಕ್ರಮ ಸಮಿತಿಯಲ್ಲಿ ಊರಿನವರು ಎಷ್ಟು ಜನ ಇರಬೇಕು, ಒಂದು ಕಾರ್ಯಕ್ರಮ ನಿಲ್ಲಿಸುವ ಮೊದಲು ಯಾರನ್ನು ಕೇಳಬೇಕು, ಎಷ್ಟು ದಿನ ಮೊದಲು ತಿಳಿಸಬೇಕು ಅನ್ನೋದೆಲ್ಲ ಅದರಲ್ಲಿರಲಿ. ಸ್ಟೇಷನ್ನಿನ ಹೆಸರು ಮತ್ತು ಧ್ವನಿಮುದ್ರಣಗಳ ಪ್ರತಿ ಊರಿನ ಸಂಘದ ಹತ್ತಿರವೂ ಇರಲಿ. ಕೆಟಿಆರ್‌ಯು ಹುಡುಗರು ನಾಲ್ಕು ವರ್ಷ ಎಫ್‌ಎಂ ಇಲ್ಲದೆ ಬದುಕಿ ವಾಪಸ್ ಬರಲು ಸಾಧ್ಯವಾದದ್ದು ಈ ಎರಡು ಅವರ ಕೈಯಲ್ಲಿ ಉಳಿದಿದ್ದರಿಂದ.